ರ‍್ಯಾಲಿ ಕಾರಿಗೆ ಆಯಿಲ್ ಸಿಸ್ಟಮ್, ಗೇಜ್ ಕೂರಿಸುವುದು: ಕೆಲಸ ಚೇಂಬರ್‌ನಿಂದ ಶುರುವಾಗಲಿ

"ಆಯಿಲ್ ಕೂಲರ್ ಎಷ್ಟು ರೋದು ಹಾಕಿಸಲಿ ಸಾರ್?" ಮೊದಲ ಸಲ ರ‍್ಯಾಲಿ ಕಾರು ಕಟ್ಟುತ್ತಿರುವ ಹುಡುಗರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಇದೇ. ಆಯಿಲ್ ಕೂಲರ್ ಅಂದರೆ ಆಯಿಲ್ ತಣಿಸುವ ಪುಟ್ಟ ರೇಡಿಯೇಟರ್, ರೋ ಅಂದರೆ ಅದರ ಕೊಳವೆ ಸಾಲು. ಅದಾದ ಮೇಲೆ ಗೇಜ್ ಯಾವುದು ತಗೊಳ್ಳಲಿ ಅನ್ನುವುದು. ಎರಡಕ್ಕೂ ಉತ್ತರ ಮುಂದೆ ಕೊಟ್ಟಿದ್ದೇನೆ. ಆದರೆ ಕೆಲಸ ಶುರುವಾಗಬೇಕಾದ ಜಾಗ ಕೂಲರ್ ಅಲ್ಲ, ಗೇಜೂ ಅಲ್ಲ. ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ಚೇಂಬರ್, ಅಂದರೆ ಸಂಪ್.

ಕಾರು ಜೋರಾಗಿ ತಿರುಗಿದಾಗ, ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚೇಂಬರ್‌ನಲ್ಲಿರುವ ಆಯಿಲ್ ಒಂದು ಗೋಡೆಗೆ ಹೋಗಿ ನಿಲ್ಲುತ್ತದೆ. ಪಂಪ್‌ಗೆ ಆಯಿಲ್ ಎಳೆದುಕೊಡುವ ಜಾಲರಿ ಮೂತಿ ಇದೆಯಲ್ಲ, ಸ್ಟ್ರೈನರ್, ಅದು ಆಗ ಗಾಳಿ ಎಳೆಯುತ್ತದೆ. ಇದಕ್ಕೆ ಆಯಿಲ್ ಸರ್ಜ್ ಅನ್ನುತ್ತಾರೆ. 6,000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 100 ಸುತ್ತು ಸುತ್ತುತ್ತದೆ. ಉದ್ದನೆಯ ಒಂದು ತಿರುವಿನಲ್ಲಿ ಎರಡು ಸೆಕೆಂಡ್ ಆಯಿಲ್ ತಪ್ಪಿತು ಅಂದರೆ, ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಕೂರುವ ಕಡೆಯದು) 200 ಸುತ್ತು ಒಣಗಿಕೊಂಡೇ ತಿರುಗಿತು ಅಂತ ಲೆಕ್ಕ. ಎಷ್ಟು ದೊಡ್ಡ ಕೂಲರ್ ಹಾಕಿದ್ದರೂ ಆ 200 ಸುತ್ತಿಗೆ ಅದು ಏನೂ ಮಾಡಲಾರದು.

ಅದಕ್ಕೆ ನಾನು ಹೇಳುವ ಕ್ರಮ ಹೀಗೆ. ಮೊದಲು ಆಯಿಲ್ ಸ್ಟ್ರೈನರ್ ಹತ್ತಿರವೇ ನಿಲ್ಲುವಂತೆ ಮಾಡಿ. ಆಮೇಲೆ ಪ್ರೆಶರ್ ಬಿದ್ದರೆ ಕಣ್ಣಿಗೆ ರಾಚುವ ಕೆಂಪು ದೀಪ. ಆಮೇಲೆ ಗೇಜ್. ಕೂಲರ್ ಕಟ್ಟಕಡೆಗೆ. ದುಡ್ಡು ಸಾಲದಿದ್ದರೆ ಕೊನೆಯದನ್ನು ಮೊದಲು ಕೈಬಿಡಿ.

ಉದಾಹರಣೆಗೆ ಮಾರುತಿ ಎಸ್ಟೀಮ್ ಇಟ್ಟುಕೊಳ್ಳುತ್ತೇನೆ. 1994ರಿಂದ 2007ರವರೆಗೆ ಬಂದ ಕಾರು, 1,298 ಸಿಸಿ ಜಿ13 ಎಂಜಿನ್, ಅಲ್ಯೂಮಿನಿಯಂ ಬ್ಲಾಕ್. ಜಿಪ್ಸಿ ಕಿಂಗ್‌ನಲ್ಲಿರುವುದೂ ಇದೇ ಕುಟುಂಬದ ಎಂಜಿನ್. ಚಿಕ್ಕಮಗಳೂರಿನ ಕಾಫಿ ತೋಟದ ಸ್ಟೇಜ್‌ಗಳ (ರ‍್ಯಾಲಿಯಲ್ಲಿ ಸಮಯ ಅಳೆಯುವ ರಸ್ತೆ ತುಂಡುಗಳ) ಕೆಂಪು ಮಣ್ಣನ್ನು ಈ ಎರಡು ಕಾರುಗಳಷ್ಟು ಕಂಡವು ಕಮ್ಮಿ. ನಿಮ್ಮದು ಬೇರೆ ಕಾರಾದರೂ ಕೆಲಸದ ಕ್ರಮ ಇದೇ. ಥ್ರೆಡ್ ಮತ್ತು ಅಳತೆ ಮಾತ್ರ ನಿಮ್ಮ ಎಂಜಿನ್ನಿನದು ನೋಡಿಕೊಳ್ಳಿ.

ಸ್ಪ್ಯಾನರ್ ಹಿಡಿಯುವ ಮೊದಲು

ದೇಶದ ಮೋಟಾರ್ ಸ್ಪೋರ್ಟ್ ಸಂಸ್ಥೆ ಎಫ್‌ಎಂಎಸ್‌ಸಿಐಯ ಈ ವರ್ಷದ ನಿಯಮ ಓದಿ. ನೀವು ಓಡಿಸುವ ಕ್ಲಾಸಿನಲ್ಲಿ ಚೇಂಬರ್‌ಗೆ ಬ್ಯಾಫಲ್ (ಆಯಿಲ್ ತಡೆಯುವ ತಗಡು) ಹಾಕಲು, ಕೂಲರ್ ಸೇರಿಸಲು ಬಿಡುತ್ತಾರಾ ಅಂತ ಖಚಿತ ಮಾಡಿಕೊಳ್ಳಿ. ಎಲ್ಲ ಕ್ಲಾಸಿನಲ್ಲೂ ಎಲ್ಲದಕ್ಕೂ ಅನುಮತಿ ಇರುವುದಿಲ್ಲ.

ಜಗತ್ತಿನ ಮೋಟಾರ್ ಸ್ಪೋರ್ಟ್ ಸಂಸ್ಥೆ ಎಫ್‌ಐಎ ನಿಯಮಾವಳಿಯ ಅಪೆಂಡಿಕ್ಸ್ ಜೆ, 253ನೇ ವಿಧಿಯಲ್ಲಿ ಆಯಿಲ್ ಪೈಪ್‌ಗಳ ಬಗ್ಗೆ ಹೇಳಿರುವುದನ್ನು ತಲೆಯಲ್ಲಿಟ್ಟುಕೊಂಡೇ ಸಾಮಾನು ಕೊಳ್ಳಿ. ಬಾಗುವ ಆಯಿಲ್ ಪೈಪ್ 232 ಡಿಗ್ರಿ ಬಿಸಿಯಲ್ಲಿ ಕನಿಷ್ಠ 70 ಬಾರ್ ಒತ್ತಡ ತಡೆಯಬೇಕು. ಮೇಲಿನ ಹೆಣಿಗೆ ಉಜ್ಜಾಟಕ್ಕೂ ಬೆಂಕಿಗೂ ತಡೆದುಕೊಳ್ಳುವಂಥದ್ದಾಗಿರಬೇಕು. ಆಯಿಲ್ ಪೈಪ್ ಬಲ್ಕ್‌ಹೆಡ್ ದಾಟಿ ಕ್ಯಾಬಿನ್ ಒಳಗೆ ಬರಬಾರದು, ಹೊರಗೇ ಇರಬೇಕು. ಬಲ್ಕ್‌ಹೆಡ್ ಅಂದರೆ ಕ್ಯಾಬಿನ್ನನ್ನು ಎಂಜಿನ್ ಕಡೆಯಿಂದ, ಡಿಕ್ಕಿ ಕಡೆಯಿಂದ ಬೇರೆ ಮಾಡುವ ತಗಡಿನ ಗೋಡೆ.

ಬೇಕಾಗುವ ಸಾಮಾನು

- ಚೇಂಬರ್ ಪ್ಯಾಕಿಂಗ್, ಹೊಸ ಡ್ರೈನ್ ವಾಷರ್, ಬ್ಯಾಫಲ್‌ಗೆ 1.5ರಿಂದ 2 ಮಿ.ಮೀ. ಉಕ್ಕಿನ ಶೀಟ್
- ಪ್ರೆಶರ್ ಗೇಜ್ ಮತ್ತು ಅದರದ್ದೇ ಸೆಂಡರ್ (ಎಂಜಿನ್ ಕಡೆ ಅಳೆದು ಗೇಜ್‌ಗೆ ಕಳಿಸುವ ಸೆನ್ಸರ್), ಟೆಂಪರೇಚರ್ ಗೇಜ್ ಮತ್ತು ಅದರದ್ದೇ ಸೆಂಡರ್
- ಸುಮಾರು 1.5 ಬಾರ್‌ನ ಪ್ರೆಶರ್ ಸ್ವಿಚ್, ದೊಡ್ಡ ಕೆಂಪು ದೀಪ
- ಮೂರು ಬಾಯಿಯ ಟಿ ಬ್ಲಾಕ್, ಸಣ್ಣ ಬ್ರೇಡೆಡ್ (ಮೇಲೆ ಹೆಣಿಗೆ ಇರುವ) ಪೈಪ್ ಒಂದು ತುಂಡು
- ಕೂಲರ್ ಹಾಕುವುದಾದರೆ: ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್ (ಬ್ಲಾಕ್‌ಗೂ ಫಿಲ್ಟರ್‌ಗೂ ನಡುವೆ ಕೂರುವ ಬಿಲ್ಲೆ), ಕೂಲರ್, ಪೈಪ್, ಫಿಟ್ಟಿಂಗ್
- ಥ್ರೆಡ್ ಗೇಜ್. ಚಿಕ್ಕ ಸಾಮಾನು, ಆದರೆ ಇದಿಲ್ಲದೆ ಮೂರನೇ ಹಂತಕ್ಕೆ ಹೋಗಬೇಡಿ

1. ಚೇಂಬರ್ ಇಳಿಸಿ, ಬ್ಯಾಫಲ್ ಹಾಕಿ

ಆಯಿಲ್ ಇಳಿಸಿ, ಅಡ್ಡ ಬರುವ ಸೈಲೆನ್ಸರ್ ಪೈಪ್ ಬಿಚ್ಚಿ, ಚೇಂಬರ್ ಕೆಳಗಿಳಿಸಿ. ಕೈ ಒರೆಸುವ ಮೊದಲು ಚೇಂಬರ್ ತಳ ನೋಡಿ. ಹಳೆಯ ಕಾರಾದರೆ ಯಾರೋ ಯಾವಾಗಲೋ ಧಾರಾಳವಾಗಿ ಹಚ್ಚಿದ ಅನಾಬಾಂಡ್‌ನ (ಪ್ಯಾಕಿಂಗ್‌ಗೆ ಹಚ್ಚುವ ಅಂಟು) ಎಳೆಗಳು ಅಲ್ಲಿ ಬಿದ್ದಿರುವುದು ಮಾಮೂಲು. ಸ್ಟ್ರೈನರ್ ಜಾಲರಿಯಲ್ಲಿ ಅದೇ ಸಿಕ್ಕಿಕೊಂಡಿರುತ್ತದೆ. ಟಾರ್ಚ್ ಬಿಟ್ಟು ನೋಡಿ, ಒಂದೊಂದು ಚೂರನ್ನೂ ತೆಗೆಯಿರಿ.

ಬ್ಯಾಫಲ್ ಅಂದರೆ ಚೇಂಬರ್ ಒಳಗೆ ಸ್ಟ್ರೈನರ್ ಮೂತಿಗಿಂತ ಸ್ವಲ್ಪ ಮೇಲೆ ಅಡ್ಡಲಾಗಿ ಕೂರುವ ತಗಡು. ಆಯಿಲ್ ಗೋಡೆ ಹತ್ತಿ ಮೇಲೆ ಹೋಗುವುದನ್ನು ಅದು ತಡೆಯುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರು ಸ್ಟ್ರೈನರ್ ಸುತ್ತ ಪೆಟ್ಟಿಗೆಯ ಹಾಗೆ ನಾಲ್ಕು ಗೋಡೆ ಕಟ್ಟಿ, ಒಳಮುಖವಾಗಿ ಮಾತ್ರ ತೆರೆಯುವ ಸಣ್ಣ ಬಾಗಿಲುಗಳನ್ನು ಇಡುತ್ತಾರೆ. ಆಯಿಲ್ ಒಳಗೆ ಬರುತ್ತದೆ, ಆಚೆ ಹೋಗಲು ಬಾಗಿಲು ಬಿಡುವುದಿಲ್ಲ. ಮಣ್ಣಿನ ರ‍್ಯಾಲಿಗೆ ಅಡ್ಡ ತಗಡು ಒಂದಿದ್ದರೂ ಬೇಕಾದಷ್ಟು ಉಪಕಾರ. ಟಾರ್ ರಸ್ತೆಯಲ್ಲಿ ಒಳ್ಳೆ ಹಿಡಿತದ ಟೈರ್ ಹಾಕಿ ಓಡಿಸುವವರಿಗೆ ಬಾಗಿಲು ಬೇಕೇ ಬೇಕು.

ತಗಡು ವೆಲ್ಡ್ ಮಾಡಿಸುವಾಗ ಜನ ಮರೆಯುವ ವಿಷಯ ನಾಲ್ಕು:

- ಡಿಪ್‌ಸ್ಟಿಕ್ ಇಳಿಯುವ ಜಾಗ. ಅಲ್ಲಿ ತೂತು ಬಿಡದಿದ್ದರೆ ಕಡ್ಡಿ ತಗಡಿನ ಮೇಲೆ ನಿಲ್ಲುತ್ತದೆ, ಲೆವೆಲ್ ಸುಳ್ಳು ಹೇಳುತ್ತದೆ.
- ಮೇಲಿನಿಂದ ಆಯಿಲ್ ವಾಪಸ್ ಇಳಿಯಲು ದಾರಿ. ಅಂಚಿನಲ್ಲಿ ಸಾಕಷ್ಟು ತೂತು ಕೊಡಿ.
- ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್‌ಗೆ ಜಾಗ. ಚೇಂಬರನ್ನು ನಾಲ್ಕು ಬೋಲ್ಟ್‌ನಲ್ಲಿ ಕಚ್ಚಿಸಿ, ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲೂ ತಾಗಬಾರದು.
- ಬಿಸಿಗೆ ಚೇಂಬರ್ ಅಂಚು ಸೊಟ್ಟಗಾಗುವುದು. ಗುಜರಿಯಿಂದ ಒಂದು ಹಾಳಾದ ಬ್ಲಾಕ್ ತಂದು ಅದಕ್ಕೆ ಬೋಲ್ಟ್ ಮಾಡಿಯೇ ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ದಪ್ಪ ಪ್ಲೇಟ್.

ಇದೇ ಸಮಯದಲ್ಲಿ ಟೆಂಪರೇಚರ್ ಸೆಂಡರ್ ಕೂರುವ ಬಾಸ್ ಅನ್ನೂ ಚೇಂಬರ್‌ಗೆ ವೆಲ್ಡ್ ಮಾಡಿಸಿಬಿಡಿ. ಬಾಸ್ ಅಂದರೆ ಒಳಗೆ ಥ್ರೆಡ್ ಇರುವ ದಪ್ಪ ಉಕ್ಕಿನ ಬಳೆ, ಯಾವ ಲೇತ್ ಶಾಪ್‌ನಲ್ಲೂ ಮಾಡಿಕೊಡುತ್ತಾರೆ. ಅದು ಆಯಿಲ್ ಲೆವೆಲ್‌ಗಿಂತ ಕೆಳಗಿರಲಿ, ಸೈಲೆನ್ಸರ್ ಪೈಪ್‌ನಿಂದ ದೂರ ಇರಲಿ, ಕಲ್ಲು ಬಂದು ಬಡಿಯುವ ಕಡೆ ಬೇಡ.

ವೆಲ್ಡ್ ಸೋರುತ್ತದಾ ಅಂತ ಮನೆಯಲ್ಲೇ ನೋಡಬಹುದು. ಚೇಂಬರ್ ಹೊರಗಿನಿಂದ ವೆಲ್ಡ್ ಮೇಲೆ ಸುಣ್ಣ ಬಳಿದು ಒಣಗಲು ಬಿಡಿ. ಒಳಗೆ ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ರಾತ್ರಿಯಿಡೀ ಇಡಿ. ಕೂದಲೆಳೆಯಷ್ಟು ತೂತಿದ್ದರೂ ಬೆಳಗ್ಗೆ ಬಿಳಿ ಸುಣ್ಣದ ಮೇಲೆ ಒದ್ದೆ ಕಲೆ ಕಾಣುತ್ತದೆ.

ಈಗ ಸ್ಟ್ರೈನರ್ ಎತ್ತರ. ಮೂತಿಗೂ ಚೇಂಬರ್ ತಳಕ್ಕೂ ನಡುವೆ 6ರಿಂದ 10 ಮಿ.ಮೀ. ಇರಬೇಕು. ಕಮ್ಮಿಯಾದರೆ ಪಂಪ್‌ಗೆ ಎಳೆಯಲು ಆಗುವುದಿಲ್ಲ, ಜಾಸ್ತಿಯಾದರೆ ಬೇಗ ಗಾಳಿ ಎಳೆಯುತ್ತದೆ. ಅಳೆಯುವುದು ಸುಲಭ. ಮಕ್ಕಳು ಆಡುವ ಕ್ಲೇ ಒಂದು ಉಂಡೆ ಸ್ಟ್ರೈನರ್ ಮೂತಿಗೆ ಅಂಟಿಸಿ, ಪ್ಯಾಕಿಂಗ್ ಸಮೇತ ಚೇಂಬರ್ ಬಿಗಿದು, ಮತ್ತೆ ಬಿಚ್ಚಿ. ಅಪ್ಪಚ್ಚಿಯಾದ ಕ್ಲೇಯನ್ನು ಬ್ಲೇಡಿನಿಂದ ಕತ್ತರಿಸಿ ದಪ್ಪ ಅಳೆಯಿರಿ. ಮುಗಿದ ಮೇಲೆ ಜಾಲರಿಯಲ್ಲಿ ಕ್ಲೇ ಉಳಿಯದ ಹಾಗೆ ಪೂರ್ತಿ ತೊಳೆಯಿರಿ.

ವಾಪಸ್ ಕೂರಿಸುವಾಗ ಅನಾಬಾಂಡ್ ಹಚ್ಚುವುದಾದರೆ ತೆಳುವಾದ ಒಂದೇ ಗೆರೆ ಸಾಕು. ಹೊರಗೆ ಉಕ್ಕಿ ಬಂದದ್ದು ನಿಮಗೆ ಕಾಣುತ್ತದೆ, ಒಳಗೂ ಅಷ್ಟೇ ಉಕ್ಕಿರುತ್ತದೆ ಅನ್ನುವುದು ನೆನಪಿರಲಿ. 6 ಮಿ.ಮೀ. ಬೋಲ್ಟ್‌ಗಳಿಗೆ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು. ಅಲ್ಯೂಮಿನಿಯಂ ಬ್ಲಾಕ್, ಉದ್ದ ಹಿಡಿಯ ರಾಟ್ಚೆಟ್ ಬೇಡ.

2. ಸಂಪ್ ಗಾರ್ಡ್

6 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ಒಳ್ಳೆಯದು. ಅದನ್ನು ಚಾಸಿಗೆ ಕಟ್ಟಿ, ಎಂಜಿನ್‌ಗೆ ಅಲ್ಲ. ಗಾರ್ಡ್ ಬಗ್ಗಿದರೂ ಚೇಂಬರ್‌ಗೆ ತಾಗದಷ್ಟು ಜಾಗ ಇರಬೇಕು, ನಾನು ಎರಡು ಬೆರಳು ಹೋಗುವಷ್ಟು ಬಿಡುತ್ತೇನೆ. ಡ್ರೈನ್ ಬೋಲ್ಟ್‌ಗೆ ಒಂದು ತೂತು ಕೊಡಿ. ಗಾರ್ಡ್ ಬಂದ ಮೇಲೆ ಚೇಂಬರ್‌ಗೆ ಗಾಳಿ ಬೀಳುವುದು ನಿಲ್ಲುತ್ತದೆ, ಆಯಿಲ್ ಮೊದಲಿಗಿಂತ ಬಿಸಿಯಾಗುತ್ತದೆ. ಹಾಗಾಗಿ ಗಾರ್ಡ್ ಹಾಕಿದ ಮೇಲಷ್ಟೇ ಟೆಂಪರೇಚರ್ ನೋಡಿ ಕೂಲರ್ ಬೇಕಾ ಬೇಡವಾ ತೀರ್ಮಾನಿಸಿ.

3. ಪ್ರೆಶರ್ ಎಲ್ಲಿಂದ ತೆಗೆಯುವುದು, ಥ್ರೆಡ್ ಯಾವುದು

ಹೆಚ್ಚು ದುಡ್ಡು ಹಾಳಾಗುವುದು ಈ ಹಂತದಲ್ಲೇ. ನಿಧಾನವಾಗಿ ಓದಿ.

ಪ್ರೆಶರ್ ಅಳೆಯಬೇಕಾದ್ದು ಫಿಲ್ಟರ್ ದಾಟಿದ ಮೇಲೆ, ಬೇರಿಂಗ್‌ಗಳಿಗೆ ಆಯಿಲ್ ಹೋಗುವ ಮುಖ್ಯ ದಾರಿಯಲ್ಲಿ. ಇದಕ್ಕೆ ಮೇನ್ ಗ್ಯಾಲರಿ ಅನ್ನುತ್ತಾರೆ. ಕಂಪನಿಯ ಆಯಿಲ್ ಸ್ವಿಚ್ ಸಾಮಾನ್ಯವಾಗಿ ಈ ದಾರಿಯಲ್ಲೇ ಕೂತಿರುತ್ತದೆ. ಆ ಸ್ವಿಚ್ ಬಿಚ್ಚಿ ಅಲ್ಲಿಂದ ತೆಗೆದುಕೊಳ್ಳುವುದು ಸರಿಯಾದ ದಾರಿ. ಸ್ಯಾಂಡ್‌ವಿಚ್ ಪ್ಲೇಟ್‌ನಲ್ಲಿ ತೂತು ಇದೆ ಅಂತ ಪ್ರೆಶರ್ ಸೆಂಡರನ್ನು ಅಲ್ಲಿ ಹಾಕಿದರೆ, ಎಷ್ಟೋ ಪ್ಲೇಟ್‌ಗಳಲ್ಲಿ ಅದು ಫಿಲ್ಟರ್‌ಗೆ ಹೋಗುವ ಮುಂಚಿನ ಆಯಿಲ್. ಫಿಲ್ಟರ್ ಕಟ್ಟಿಕೊಂಡು ಬೇರಿಂಗ್‌ಗೆ ಆಯಿಲ್ ಕಮ್ಮಿಯಾದರೂ ಗೇಜ್ ಚೆನ್ನಾಗಿಯೇ ತೋರಿಸುತ್ತಿರುತ್ತದೆ.

ಥ್ರೆಡ್ ವಿಷಯ. ಜಪಾನಿನ ವಿನ್ಯಾಸದ ಎಂಜಿನ್‌ಗಳಲ್ಲಿ ಆಯಿಲ್ ಸ್ವಿಚ್ ಬಹುತೇಕ 1/8 ಇಂಚಿನ ಬಿಎಸ್‌ಪಿಟಿ. ಇಂಚಿಗೆ 28 ಸುತ್ತು. ಹೊರಗಿನಿಂದ ಬರುವ ಸೆಂಡರ್, ಅಡಾಪ್ಟರ್‌ಗಳು ಜಾಸ್ತಿ 1/8 ಎನ್‌ಪಿಟಿ. ಇಂಚಿಗೆ 27 ಸುತ್ತು. ಎರಡೂ ತುದಿಗೆ ಹೋಗುತ್ತ ಸಣ್ಣದಾಗುವ ಥ್ರೆಡ್, ಕಣ್ಣಿಗೆ ಒಂದೇ ಥರ. ಎನ್‌ಪಿಟಿಯನ್ನು ಬಿಎಸ್‌ಪಿಟಿ ತೂತಿಗೆ ಹಾಕಿದರೆ ಎರಡು ಮೂರು ಸುತ್ತು ಕೈಯಲ್ಲೇ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. "ಟೇಪರ್ ಅಲ್ವಾ, ಬಿಗಿಯಾಗಲೇಬೇಕು" ಅಂದುಕೊಂಡು ಸ್ಪ್ಯಾನರ್ ಹಾಕುತ್ತೀರಿ. ಬ್ಲಾಕ್ ಅಲ್ಯೂಮಿನಿಯಂ. ಥ್ರೆಡ್ ಅಲ್ಲೇ ಹೋಯಿತು. ಯುರೋಪಿನ ಕಾರುಗಳಲ್ಲಿ ಎಂ10×1 ಕೂಡ ಸಿಗುತ್ತದೆ. ಅದಕ್ಕೇ ಥ್ರೆಡ್ ಗೇಜ್ ಬೇಕು ಅಂದದ್ದು. ಬಿಚ್ಚಿದ ಹಳೇ ಸ್ವಿಚ್ ಮೇಲೆ ಬ್ಲೇಡ್ ಇಟ್ಟು ಬೆಳಕಿಗೆ ಹಿಡಿದು ನೋಡಿ. 28ರದು ಕೂತರೆ ಬೆಳಕು ಕಾಣುವುದಿಲ್ಲ, 27ರದು ಇಟ್ಟರೆ ಒಂದು ತುದಿಯಲ್ಲಿ ಸಂದಿ ಕಾಣುತ್ತದೆ.

ಸೆಂಡರನ್ನು ಬ್ಲಾಕ್ ಮೇಲೆ ನೇರವಾಗಿ ಕೂರಿಸಬೇಡಿ. ಪ್ರೆಶರ್ ಸೆಂಡರ್ ಅಂದರೆ ಹೆಚ್ಚುಕಮ್ಮಿ ಒಂದು ಚಿಕ್ಕ ಡಬ್ಬಿಯಷ್ಟು ಗಾತ್ರ, ತೂಕವೂ ಇದೆ. ಅದರ ಕೆಳಗೆ ಕಿರುಬೆರಳಷ್ಟು ದಪ್ಪದ ಹಿತ್ತಾಳೆ ಕುತ್ತಿಗೆ. ಎಂಜಿನ್ ನಡುಗಿದಂತೆಲ್ಲ ಅದು ತಲೆಯಾಡಿಸುತ್ತದೆ. ನನ್ನ ಎಸ್ಟೀಮ್‌ನಲ್ಲಿ ಹಾಗೇ ಹಾಕಿದ್ದೆ, ಎರಡನೇ ದಿನ ಸ್ಟೇಜ್ ನಡುವೆ ಮುರಿಯಿತು. ಮುರಿದ ಹಿತ್ತಾಳೆಯ ಮುಖ ಅರ್ಧ ಕಪ್ಪಗಿತ್ತು, ಅರ್ಧ ಚಿನ್ನದ ಹಾಗೆ ಹೊಳೆಯುತ್ತಿತ್ತು. ಕಪ್ಪಗಿದ್ದ ಭಾಗ ಎಷ್ಟೋ ಕಿಲೋಮೀಟರ್ ಹಿಂದೆಯೇ ಬಿರುಕು ಬಿಟ್ಟು ಆಯಿಲ್ ಕುಡಿದಿತ್ತು. ಹೊಳೆಯುತ್ತಿದ್ದದ್ದು ಅಂದು ಮುರಿದದ್ದು. ಕೆಂಪು ದೀಪ ನೋಡಿ ತಕ್ಷಣ ಇಗ್ನಿಷನ್ ಆಫ್ ಮಾಡಿದ್ದರಿಂದ ಎಂಜಿನ್ ಉಳಿಯಿತು.

ಸರಿಯಾದ ರೀತಿ: ಬ್ಲಾಕ್‌ಗೆ ಉಕ್ಕಿನ ಅಡಾಪ್ಟರ್, ಅಲ್ಲಿಂದ ಸಣ್ಣ ಬ್ರೇಡೆಡ್ ಪೈಪ್, ಪೈಪ್‌ನ ಇನ್ನೊಂದು ತುದಿಗೆ ಟಿ ಬ್ಲಾಕ್. ಟಿ ಬ್ಲಾಕನ್ನು ಎಂಜಿನ್ ರೂಮಿನ ಗೋಡೆಗೆ ಬ್ರಾಕೆಟ್ ಹಾಕಿ ಕಟ್ಟಿ. ಅದರ ಮೇಲೆ ಸೆಂಡರ್ ಮತ್ತು ದೀಪದ ಸ್ವಿಚ್.

ಟೇಪರ್ ಥ್ರೆಡ್‌ಗೆ ದ್ರವ ಸೀಲೆಂಟ್ ಹಚ್ಚಿ, ಮೊದಲ ಎರಡು ಸುತ್ತಿಗೆ ಹಚ್ಚಬೇಡಿ. ಟೆಫ್ಲಾನ್ ಟೇಪ್ ನಲ್ಲಿಗೆ ಸರಿ. ಇಲ್ಲಿ ಅದರ ಎಳೆ ಕಿತ್ತು ಆಯಿಲ್ ದಾರಿಗೆ ಸೇರುತ್ತದೆ. ಜೊತೆಗೆ ಒಂದೇ ವೈರಿನ ಸೆಂಡರ್ ತನ್ನ ಥ್ರೆಡ್ ಮೂಲಕವೇ ಅರ್ತ್ ತೆಗೆದುಕೊಳ್ಳುತ್ತದೆ, ಟೇಪ್ ಸುತ್ತಿದರೆ ಅದೂ ತಪ್ಪಬಹುದು. ಟಿ ಬ್ಲಾಕನ್ನು ಬಣ್ಣ ಹೊಡೆದ ತಗಡಿಗೆ ಕಟ್ಟಿದ್ದರೆ ಅಲ್ಲಿಂದ ಕಾರಿನ ಬಾಡಿಗೆ ಬೇರೆ ಅರ್ತ್ ವೈರ್ ಎಳೆಯಿರಿ.

4. ಕೆಂಪು ದೀಪ

ಕಂಪನಿಯ ಆಯಿಲ್ ದೀಪ ಹತ್ತುವುದು ಸಾಮಾನ್ಯವಾಗಿ ಪ್ರೆಶರ್ 0.5 ಬಾರ್‌ಗಿಂತ ಕೆಳಗೆ ಬಿದ್ದಾಗ. 6,000 ಆರ್‌ಪಿಎಂನಲ್ಲಿ ಅಷ್ಟು ಕೆಳಗೆ ಬರುವ ಹೊತ್ತಿಗೆ ಬೇರಿಂಗ್ ಕಥೆ ಮುಗಿದಿರುತ್ತದೆ. ಅದಕ್ಕೆ 1.5 ಬಾರ್‌ನ ಸ್ವಿಚ್ ಹಾಕಿ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಐಡ್ಲಿಂಗ್‌ನಲ್ಲಿದ್ದಾಗ ದೀಪ ಮಿನುಗಬಹುದು, ಅದಕ್ಕೆ ಹೆದರಬೇಕಿಲ್ಲ. ಆಕ್ಸಿಲರೇಟರ್ ಮೇಲೆ ಕಾಲಿದ್ದಾಗ ಹತ್ತಿದರೆ ಮಾತ್ರ ಅದು ಸುದ್ದಿ.

ದೀಪ ಸ್ಟೀರಿಂಗ್ ಮೇಲಿನಿಂದ ನೇರ ಕಣ್ಣಿಗೆ ಬೀಳಲಿ, ಮಧ್ಯಾಹ್ನದ ಬಿಸಿಲಲ್ಲೂ ಕಾಣುವಷ್ಟು ದೊಡ್ಡದಿರಲಿ. ಸ್ಟೇಜ್‌ನಲ್ಲಿ ಗಾಡಿ ಓಡಿಸುವವರು ಗೇಜ್ ನೋಡುವುದಿಲ್ಲ. ನೋಡಲೂಬಾರದು. ದೀಪ ಅವರಿಗೆ, ಗೇಜ್ ಪಕ್ಕದಲ್ಲಿ ಕೂತ ಕೋ-ಡ್ರೈವರ್‌ಗೆ.

5. ಗೇಜ್

ಎಲೆಕ್ಟ್ರಿಕಲ್ ಗೇಜ್ ಹಾಕಿ. ಮೆಕ್ಯಾನಿಕಲ್ ಗೇಜ್ ನಿಖರ, ನಿಜ. ಆದರೆ ಅದರಲ್ಲಿ ಬಿಸಿ ಆಯಿಲ್ ಸಣ್ಣ ಕೊಳವೆಯಲ್ಲಿ ಡ್ಯಾಶ್‌ಬೋರ್ಡ್ ತನಕ ಬರುತ್ತದೆ, ಗೇಜ್ ಬೆನ್ನಿಗೇ ಜಾಯಿಂಟ್ ಇರುತ್ತದೆ. ಅದು ಬಿಚ್ಚಿಕೊಂಡರೆ ಆಯಿಲ್ ನಿಮ್ಮ ಕಾಲ ಮೇಲೆ. ಕ್ಯಾಬಿನ್ ಒಳಗೆ ಆಯಿಲ್ ಪೈಪ್ ಬೇಡ ಅನ್ನುವ ನಿಯಮ ಮೇಲೆ ಹೇಳಿದ್ದೇನಲ್ಲ, ಸ್ಕ್ರೂಟಿನಿಯಲ್ಲೂ (ರ‍್ಯಾಲಿಗೆ ಮುಂಚಿನ ಕಾರು ತಪಾಸಣೆ) ಪ್ರಶ್ನೆ ಬರುತ್ತದೆ.

ಗೇಜ್ ಒಂದು ಕಂಪನಿ, ಸೆಂಡರ್ ಇನ್ನೊಂದು ಕಂಪನಿ ಬೇಡ. ವಿಡಿಒ ಅನ್ನುವ ಗೇಜ್ ಕಂಪನಿಯ ಪದ್ಧತಿಯ ಪ್ರೆಶರ್ ಸೆಂಡರ್ ಸೊನ್ನೆಯಲ್ಲಿ 10 ಓಮ್, ಪೂರ್ತಿಯಲ್ಲಿ ಸುಮಾರು 180 ಓಮ್ ತೋರಿಸುತ್ತದೆ. ಬೇರೆಯವು ಇದಕ್ಕೆ ತಿರುಗುಮುರುಗು ಕೂಡ ಇರುತ್ತವೆ. ಅದೇ ರೀತಿ 5 ಬಾರ್ ಸೆಂಡರನ್ನು 10 ಬಾರ್ ಗೇಜ್‌ಗೆ ಕೊಟ್ಟರೆ 2 ಬಾರ್ ಇದ್ದದ್ದು 4 ಅಂತ ಕಾಣುತ್ತದೆ. ನಿಜಕ್ಕೂ ಅಪಾಯಕಾರಿ ತಪ್ಪು ಇದು, ಯಾಕೆಂದರೆ ಎಲ್ಲ ಚೆನ್ನಾಗಿದೆ ಅಂತಲೇ ಅನ್ನಿಸುತ್ತದೆ. ನಮ್ಮಲ್ಲಿ ಕೆಲವು ಗೇಜ್ ಮೇಲೆ ಕೆಜಿ/ಚ.ಸೆಂ.ಮೀ. ಅಂತ ಇರುತ್ತದೆ, ಅದು ಬಾರ್‌ಗೆ ಹೆಚ್ಚುಕಮ್ಮಿ ಸಮ. 1 ಬಾರ್ ಅಂದರೆ 14.5 ಪಿಎಸ್‌ಐ.

ವೈರಿಂಗ್: ಇಗ್ನಿಷನ್ ಆನ್ ಆದಾಗ ಬರುವ ಸಪ್ಲೈ, ಗೇಜ್‌ಗಳಿಗೇ ಅಂತ ಬೇರೆ ಫ್ಯೂಸ್. ಎಲ್ಲ ಗೇಜ್‌ಗಳ ಅರ್ತ್ ಒಂದೇ ಕಡೆ, ಗಟ್ಟಿಯಾಗಿ. ಸೆಂಡರ್ ವೈರ್ ಬಲ್ಕ್‌ಹೆಡ್ ದಾಟುವಲ್ಲಿ ರಬ್ಬರ್ ಗ್ರೊಮೆಟ್ ತಪ್ಪದೆ ಹಾಕಿ, ಇಗ್ನಿಷನ್ ಕಾಯಿಲ್ ಹತ್ತಿರ ಎಳೆಯಬೇಡಿ.

ಕೂರಿಸುವಾಗ ಗೇಜನ್ನು ಕಿಂಡಿಯಲ್ಲಿ ತಿರುಗಿಸಿಕೊಳ್ಳಿ. ಎಂಜಿನ್ ಬಿಸಿಯಾಗಿ ಓಡುವಾಗಿನ ಮಾಮೂಲು ರೀಡಿಂಗ್‌ನಲ್ಲಿ ಮುಳ್ಳು ನೇರ ಮೇಲಕ್ಕೆ ನಿಲ್ಲಬೇಕು. ಅಂಕಿಗಳು ಓರೆಯಾದರೂ ಪರವಾಗಿಲ್ಲ. ಕುಲುಕಾಟದಲ್ಲಿ ಅಂಕಿ ಓದಲು ಆಗುವುದಿಲ್ಲ, ಮುಳ್ಳು ನೆಟ್ಟಗಿದೆಯಾ ಇಲ್ಲವಾ ಅನ್ನುವುದು ಮಾತ್ರ ಓರೆಗಣ್ಣಿಗೂ ಗೊತ್ತಾಗುತ್ತದೆ.

6. ಕೂಲರ್ ಬೇಕೇ? ಬೇಕಾದರೆ ಹೀಗೆ

ಮೊದಲು ಕೂಲರ್ ಇಲ್ಲದೆ ಗಾಡಿ ಗಟ್ಟಿಯಾಗಿ ಓಡಿಸಿ ಟೆಂಪರೇಚರ್ ನೋಡಿ. 90ರಿಂದ 110 ಡಿಗ್ರಿ ಒಳ್ಳೆಯದು. 120 ದಾಟಿ ಅಲ್ಲೇ ನಿಂತರೆ ಕೂಲರ್ ಬೇಕು. 80 ಕೂಡ ಮುಟ್ಟದಿದ್ದರೆ ಕೂಲರ್‌ನಿಂದ ಕೆಡುಕೇ ಜಾಸ್ತಿ. ತಣ್ಣಗಿನ ಆಯಿಲ್ ದಪ್ಪ, ಸೇರಿದ ನೀರಿನ ಅಂಶವೂ ಆರುವುದಿಲ್ಲ. ಅದಕ್ಕೇ ಥರ್ಮೋಸ್ಟಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟ್ ತಗೊಳ್ಳಿ. ಸುಮಾರು 80 ಡಿಗ್ರಿ ಆಗುವ ತನಕ ಅದು ಆಯಿಲನ್ನು ಕೂಲರ್‌ಗೆ ಹೆಚ್ಚು ಬಿಡುವುದಿಲ್ಲ. ಕೊಳ್ಳುವಾಗ ಫಿಲ್ಟರ್ ಥ್ರೆಡ್ ಹೊಂದಬೇಕು. ಎಂ20×1.5 ಮತ್ತು 3/4 ಇಂಚು-16 ಎರಡೂ ಮಾಮೂಲು, ಹತ್ತಿರಹತ್ತಿರ ಕಾಣುತ್ತವೆ, ಬದಲಿಗೆ ಬಳಸುವಂತಿಲ್ಲ.

1,300 ಸಿಸಿ ಟರ್ಬೋ ಇಲ್ಲದ ಎಂಜಿನ್‌ಗೆ 13 ರೋ ಸಾಕು. ಮೊದಲ ಪ್ರಶ್ನೆಗೆ ಉತ್ತರ ಅದು.

ಪೈಪ್ ಅಳತೆ ಎಎನ್ ನಂಬರಿನಲ್ಲಿ ಬರುತ್ತದೆ. ನಂಬರನ್ನು 16ರಿಂದ ಭಾಗಿಸಿದರೆ ಇಂಚು. ಎಎನ್-8 ಅಂದರೆ ಅರ್ಧ ಇಂಚು, ಎಎನ್-10 ಅಂದರೆ 5/8 ಇಂಚು. ನಾನು 10 ಹಾಕುತ್ತೇನೆ. ಪೀಣ್ಯದ ಹೈಡ್ರಾಲಿಕ್ ಅಂಗಡಿಗಳಲ್ಲಿ ಸಿಗುವ ಮಾಮೂಲು ಆರ್1, ಆರ್2 ರಬ್ಬರ್ ಪೈಪ್ ಅಗ್ಗ, ಒತ್ತಡವನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಅವುಗಳ ಮಿತಿ 100 ಡಿಗ್ರಿ. ನಿಮ್ಮ ಆಯಿಲ್ ಅದನ್ನು ದಾಟುತ್ತದೆ, ನಿಯಮವೂ ಒಪ್ಪುವುದಿಲ್ಲ. ಫಿಟ್ಟಿಂಗ್ ವಿಷಯದಲ್ಲಿ, ಎಎನ್ ಮತ್ತು ಜೆಐಸಿ ಎರಡೂ 37 ಡಿಗ್ರಿ ಕೋನ್, ಒಂದಕ್ಕೊಂದು ಕೂರುತ್ತವೆ. ಬಿಎಸ್‌ಪಿಯ ಕೋನ್ ಬೇರೆ. ಬೆರೆಸಿದರೆ ಮೊದಲು ಹನಿಯುತ್ತದೆ, ಆಮೇಲೆ ಸುರಿಯುತ್ತದೆ. ಕೋನ್ ಮೇಲೆ ಕೂರುವ ಜಾಯಿಂಟ್‌ಗೆ ಟೇಪೂ ಬೇಡ, ಸೀಲೆಂಟೂ ಬೇಡ. ನೇರ ಥ್ರೆಡ್‌ನ ಅಡಾಪ್ಟರ್ ಇದ್ದಲ್ಲಿ ಡೌಟಿ ವಾಷರ್ ಹಾಕಿ, ಅದು ಒಳ ಅಂಚಿನಲ್ಲಿ ರಬ್ಬರ್ ಇರುವ ಲೋಹದ ವಾಷರ್.

ಪೈಪ್ ಕತ್ತರಿಸುವ ಜಾಗಕ್ಕೆ ಟೇಪ್ ಬಿಗಿಯಾಗಿ ಸುತ್ತಿ, ಸಣ್ಣ ಹಲ್ಲಿನ ಬ್ಲೇಡಿನಲ್ಲಿ ನೆಟ್ಟಗೆ ಕತ್ತರಿಸಿ. ಒಳಗೆ ಉಳಿದ ರಬ್ಬರ್ ಪುಡಿ ಹೋಗುವ ತನಕ ಗಾಳಿ ಹೊಡೆದು, ತೊಳೆದು, ಮತ್ತೆ ಗಾಳಿ ಹೊಡೆಯಿರಿ. ಫಿಟ್ಟಿಂಗ್‌ನಲ್ಲಿ ಎರಡು ಭಾಗ: ಪೈಪ್ ಹೊರಗೆ ಕೂರುವ ಸಾಕೆಟ್, ಪೈಪ್ ಒಳಗೆ ಹೋಗುವ ನಿಪಲ್. ಸಾಕೆಟ್ ಒಳಗೆ ಪೈಪ್ ಪೂರ್ತಿ ಕೂರಿಸಿ, ಸಾಕೆಟ್ ಅಂಚಿಗೆ ಪೈಪ್ ಮೇಲೆ ಮಾರ್ಕರ್ ಗೆರೆ ಎಳೆಯಿರಿ. ನಿಪಲ್‌ಗೆ ಆಯಿಲ್ ಹಚ್ಚಿ ಬಿಗಿಯುವಾಗ ಗೆರೆ ಹಿಂದೆ ಸರಿದರೆ ಪೈಪ್ ಆಚೆ ಬರುತ್ತಿದೆ ಅಂತ. ಬಿಚ್ಚಿ ಮತ್ತೆ ಮಾಡಿ.

ಕೂಲರ್‌ಗೆ ಪೈಪ್ ಬಿಗಿಯುವಾಗ ಎರಡು ಸ್ಪ್ಯಾನರ್ ಬಳಸಿ. ಒಂದರಲ್ಲಿ ಕೂಲರ್ ಮೇಲಿನ ಅಡಾಪ್ಟರ್ ಹಿಡಿದುಕೊಳ್ಳಿ, ಇನ್ನೊಂದರಲ್ಲಿ ನಟ್ ತಿರುಗಿಸಿ. ಒಂದೇ ಸ್ಪ್ಯಾನರ್ ಹಾಕಿದರೆ ಕೂಲರ್ ಕುತ್ತಿಗೆಯೇ ತಿರುಚುತ್ತದೆ.

ಕೂಲರನ್ನು ರಬ್ಬರ್ ಬುಷ್ ಮೇಲೆ ಕೂರಿಸಿ, ಬಾಯಿ ಮೇಲಕ್ಕೆ ಅಥವಾ ಪಕ್ಕಕ್ಕೆ ಇರಲಿ. ಕೆಳಗಿದ್ದರೆ ಗಾಳಿ ಒಳಗೇ ಉಳಿಯಬಹುದು. ಮುಂದೆ ಕಲ್ಲು ತಡೆಯುವ ಜಾಲರಿ ಹಾಕಿ. ಎಂಜಿನ್ ಮೌಂಟಿಂಗ್ ಮೇಲೆ ಓಲಾಡುತ್ತದೆ, ಹಾಗಾಗಿ ಪೈಪ್‌ಗೆ ಸ್ವಲ್ಪ ಸಡಿಲ ಬಿಡಿ. ಸ್ಟೀಲ್ ಹೆಣಿಗೆಯ ಪೈಪ್ ತಾನು ತಾಗಿದ್ದನ್ನೆಲ್ಲ ಗರಗಸದ ಹಾಗೆ ಕೊಯ್ಯುತ್ತದೆ. ವೈರ್, ಬ್ರೇಕ್ ಪೈಪ್, ರೇಡಿಯೇಟರ್ ಯಾವುದನ್ನೂ ಅದು ಮುಟ್ಟದ ಹಾಗೆ ಕ್ಲಾಂಪ್ ಹಾಕಿ.

7. ಕ್ಯಾಚ್ ಟ್ಯಾಂಕ್

ಎಂಜಿನ್ನಿನ ಉಸಿರು ಪೈಪನ್ನು ಹೊರಗೆ ಬಿಡುವುದಾದರೆ, ಅದರಲ್ಲಿ ಬರುವ ಆಯಿಲ್ ಹಿಡಿಯಲು ಡಬ್ಬಿ ಬೇಕು. ಎಫ್‌ಐಎ ಅಳತೆಯಂತೆ 2,000 ಸಿಸಿ ತನಕ ಕನಿಷ್ಠ 2 ಲೀಟರ್, ಅದಕ್ಕಿಂತ ದೊಡ್ಡ ಎಂಜಿನ್‌ಗೆ 3 ಲೀಟರ್. ಒಳಗೆಷ್ಟಿದೆ ಅಂತ ಹೊರಗಿನಿಂದ ಕಾಣಬೇಕು. ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ ದೂರ ಕಟ್ಟಿ.

8. ಆಯಿಲ್ ತುಂಬಿ, ಮೊದಲ ಸ್ಟಾರ್ಟ್

ಎಎನ್-10 ಪೈಪ್ ಮೀಟರ್‌ಗೆ ಸುಮಾರು 150 ಮಿ.ಲೀ. ಆಯಿಲ್ ಹಿಡಿಯುತ್ತದೆ. ಕೂಲರ್ ಬೇರೆ. ಮಾಮೂಲು ಲೆಕ್ಕದ ಮೇಲೆ ಅರ್ಧ ಲೀಟರ್ ಅಥವಾ ಇನ್ನೂ ಸ್ವಲ್ಪ ಬೇಕಾಗುತ್ತದೆ, ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಜಿ13ರಲ್ಲಿ ಆಯಿಲ್ ಪಂಪ್ ಕ್ರ್ಯಾಂಕ್ ಮೂತಿಯಲ್ಲೇ ಇದೆ. ಕೆಲವು ಹಳೇ ಎಂಜಿನ್‌ಗಳ ಹಾಗೆ ಡ್ರಿಲ್ ಹಾಕಿ ಪಂಪನ್ನು ಮಾತ್ರ ತಿರುಗಿಸಲು ಆಗುವುದಿಲ್ಲ. ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ಇಗ್ನಿಷನ್ ಕಾಯಿಲ್ ಕನೆಕ್ಟರ್ ತೆಗೆದು, ಪೆಟ್ರೋಲ್ ಪಂಪ್ ಫ್ಯೂಸ್ ಕಿತ್ತು, ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಹೊಡೆದು ಸ್ವಲ್ಪ ಬಿಡುವು ಕೊಡಿ, ಮತ್ತೆ ಹತ್ತು ಸೆಕೆಂಡ್. ಗೇಜ್ ಮುಳ್ಳು ಏಳುವ ತನಕ ಪ್ಲಗ್ ವಾಪಸ್ ಹಾಕಬೇಡಿ. ಪಂಪ್ ಬಿಚ್ಚಿ ಜೋಡಿಸಿದ್ದರೆ ಒಳಗೆ ವ್ಯಾಸಲೀನ್ ತುಂಬಿಯೇ ಕೂರಿಸಿರಬೇಕು, ಇಲ್ಲದಿದ್ದರೆ ಒಣಗಿದ ಪಂಪ್ ಆಯಿಲ್ ಎಳೆಯುವುದೇ ಇಲ್ಲ.

ಸ್ಟಾರ್ಟ್ ಮಾಡಿದಾಗ ಒಬ್ಬರು ಗೇಜ್ ಮುಂದೆ, ಇನ್ನೊಬ್ಬರು ಟಾರ್ಚ್ ಹಿಡಿದು ಕಾರಿನ ಕೆಳಗಿನ ಜಾಯಿಂಟ್‌ಗಳನ್ನು ನೋಡುತ್ತಿರಬೇಕು. ಥರ್ಮೋಸ್ಟಾಟ್ ತೆರೆಯುವಷ್ಟು ಬಿಸಿಯಾಗಲಿ. ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಲೆವೆಲ್ ನೋಡಿ. ಕಮ್ಮಿಯಾಗಿರುತ್ತದೆ, ತುಂಬಿ.

9. ಮುಳ್ಳು ಓದುವುದು

ಒರಟು ಲೆಕ್ಕ: ಬಿಸಿ ಎಂಜಿನ್‌ನಲ್ಲಿ ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ. 4,000ದಲ್ಲಿ 3 ಬಾರ್ ಹತ್ತಿರ ಇದ್ದರೆ ನೆಮ್ಮದಿ. ನಿಮ್ಮ ಎಂಜಿನ್ನಿನ ಮಾಮೂಲು ರೀಡಿಂಗ್ ಬರೆದಿಟ್ಟುಕೊಳ್ಳಿ: ತಣ್ಣಗೆ, ಬಿಸಿಯಲ್ಲಿ, ಐಡ್ಲಿಂಗ್‌ನಲ್ಲಿ, 4,000ದಲ್ಲಿ. ಕೋ-ಡ್ರೈವರ್‌ಗೂ ಒಂದು ಪ್ರತಿ ಕೊಡಿ.

ತಿರುವಿನಲ್ಲಿ ಬಿದ್ದು, ನೇರ ರಸ್ತೆಗೆ ಬಂದ ತಕ್ಷಣ ಎದ್ದರೆ ಸರ್ಜ್. ಮೊದಲು ಲೆವೆಲ್ ನೋಡಿ, ಆಮೇಲೆ ಬ್ಯಾಫಲ್. ಟೆಂಪರೇಚರ್ ಏರಿದಂತೆ ಪ್ರೆಶರ್ ನಿಧಾನಕ್ಕೆ ಇಳಿದರೆ ಆಯಿಲ್ ತೆಳುವಾಗುತ್ತಿದೆ. ಬಿಸಿ ಮೊದಲಿನಷ್ಟೇ ಇದ್ದು ಪ್ರೆಶರ್ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಬೇರಿಂಗ್ ಸವೆಯುತ್ತಿದೆ.

ವೈರ್ ತೊಂದರೆ ಗುರುತಿಸುವುದು ಹೀಗೆ, ವಿಡಿಒ ಪದ್ಧತಿಯದ್ದಕ್ಕೆ. ಪ್ರೆಶರ್ ಸೆಂಡರ್ ವೈರ್ ಕಿತ್ತುಹೋದರೆ ಮುಳ್ಳು ಪೂರ್ತಿ ಮೇಲೆ, ಬಾಡಿಗೆ ತಾಗಿದರೆ ಸೊನ್ನೆ. ಟೆಂಪರೇಚರ್‌ನದು ಉಲ್ಟಾ: ಕಿತ್ತರೆ ತಣ್ಣಗೆ ತೋರಿಸುತ್ತದೆ, ಬಾಡಿಗೆ ತಾಗಿದರೆ ಪೂರ್ತಿ ಬಿಸಿ. ಆದರೆ ಪ್ರೆಶರ್ ಸೊನ್ನೆ ಕಂಡಾಗ ಮೊದಲು ಎಂಜಿನ್ ಆಫ್ ಮಾಡಿ. ವೈರ್ ಹುಡುಕುವುದೆಲ್ಲ ಆಮೇಲೆ.

10. ಮೊದಲ ರ‍್ಯಾಲಿ ಆದ ಮೇಲೆ

ಕೂಲರ್‌ಗೆ ಮೆತ್ತಿದ ಕೆಂಪು ಮಣ್ಣನ್ನು ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೆಗೆಯಿರಿ. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದರೆ ಅದರ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಎಲ್ಲ ಫಿಟ್ಟಿಂಗ್ ಮೇಲೂ ಬಿಗಿದಾಗಲೇ ಬಣ್ಣದ ಗೆರೆ ಎಳೆದಿದ್ದರೆ, ಯಾವುದು ಸಡಿಲಾಗಿದೆ ಅಂತ ನೋಡುತ್ತಿದ್ದಂತೆ ಗೊತ್ತಾಗುತ್ತದೆ.

ಆಯಿಲ್ ಬದಲಿಸಿ, ಫಿಲ್ಟರ್ ಬಿಸಾಡಬೇಡಿ. ಫಿಲ್ಟರ್ ಕಟರ್‌ನಿಂದ ಅದರ ಡಬ್ಬಿ ತೆರೆಯಿರಿ. ಹ್ಯಾಕ್ಸಾ ಬೇಡ, ಅದರ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಒಳಗಿನ ಕಾಗದ ಬಿಡಿಸಿ ಬಿಳಿ ಬಟ್ಟೆಯ ಮೇಲೆ ಹರಡಿ, ಬಿಸಿಲಲ್ಲಿ ನೋಡಿ. ಮೊದಲ ಸಲ ಒಂದೆರಡು ಮಿಂಚು ಸಹಜ. ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು. ಅಂಟದ ಬೂದು ಬಣ್ಣದ ತೆಳು ಹಕ್ಕಳೆ ಸಾಮಾನ್ಯವಾಗಿ ಬೇರಿಂಗ್ ಮೇಲ್ಪದರ. ತಾಮ್ರದ ಬಣ್ಣ ಕಂಡರೆ ಸವೆತ ಒಳಪದರ ಮುಟ್ಟಿದೆ. ಹಾಗಿದ್ದರೆ ಮುಂದಿನ ರ‍್ಯಾಲಿಗೆ ಹೆಸರು ಕೊಡುವ ಮೊದಲೇ ಚೇಂಬರ್ ಇಳಿಸಿ, ಬಿಗ್ ಎಂಡ್ ಕ್ಯಾಪ್‌ಗಳನ್ನು ಒಂದೊಂದಾಗಿ ಬಿಚ್ಚಿ ಬೇರಿಂಗ್ ನೋಡಿ. ಬಿಚ್ಚುವ ಮುಂಚೆ ಪ್ರತಿ ಕ್ಯಾಪ್‌ಗೂ ಅದರ ರಾಡ್‌ಗೂ ಗುರುತು ಹಾಕಿಕೊಳ್ಳಿ. ಅದೇ ಕ್ಯಾಪ್ ಅದೇ ರಾಡ್‌ಗೆ, ಅದೇ ದಿಕ್ಕಿನಲ್ಲಿ ವಾಪಸ್ ಕೂರಬೇಕು.